ಕೌಂಟರಿನ ನೋಟುಪುಸ್ತಕದಿಂದ ಕ್ವಾಲಾಲಂಪುರದವರೆಗೆ: ಪ್ರಯಾಣ ಅನುದಾನ ಪಡೆದ ನನ್ನ ಅನುಭವ

2018ರ ಆಗಸ್ಟ್ ಕೊನೆಯ ವಾರದಲ್ಲಿ ಕ್ವಾಲಾಲಂಪುರದಲ್ಲಿ ನಡೆದ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾದ ವಿಶ್ವ ಗ್ರಂಥಾಲಯ ಅಧಿವೇಶನಕ್ಕೆ ಅನುದಾನ ಪಡೆದು ಹೋಗಿಬಂದೆ. ಮುಂಬಯಿ ಉಪನಗರದ ಒಂದು ಅನುದಾನಿತ ಕಾಲೇಜಿನಲ್ಲಿ ಗ್ರಂಥಪಾಲಕನಾಗಿರುವ ನನಗೆ ಇದು ಸಾಧ್ಯವಾಗುತ್ತದೆಂದು ನನ್ನ ಸಹವೃತ್ತಿಯವರಲ್ಲಿ ಬಹುಮಂದಿ ನಂಬಿರಲಿಲ್ಲ. ಮಾಟುಂಗದಲ್ಲಿ ಭೇಟಿಯಾಗುತ್ತಿದ್ದ ಹಿರಿಯ ಗ್ರಂಥಪಾಲಕರೊಬ್ಬರು, "ಅದೆಲ್ಲ ವಿಶ್ವವಿದ್ಯಾಲಯದವರಿಗೆ ಮಾರಾಯ್ರೆ, ನಮ್ಮಂಥ ಕಾಲೇಜಿನವರಿಗೆ ಯಾರು ಕೊಡುತ್ತಾರೆ?" ಎಂದು ನೇರವಾಗಿಯೇ ಹೇಳಿದ್ದರು. ಈಗ ಅವರೇ ಅರ್ಜಿಯ ಪ್ರತಿ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮೂರು ಅರ್ಜಿಗಳು ಬಿದ್ದುಹೋದವು. 2013ರಲ್ಲಿ ನಾನು ಆಸೆಪಟ್ಟಿದ್ದು ಇಫ್ಲಾ ಮತ್ತು ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಓಸಿಎಲ್‌ಸಿ ಸೇರಿ 2001ರಿಂದ ನಡೆಸುತ್ತಿದ್ದ ಜೇ ಜೋರ್ಡನ್ ಫೆಲೋಶಿಪ್ಪಿಗೆ. ಅದು ವೃತ್ತಿಯ ಆರಂಭದ ವರ್ಷಗಳಲ್ಲಿರುವವರಿಗಾಗಿ ಇದ್ದದ್ದು. ನನಗೆ ಆಗಲೇ ಹನ್ನೊಂದು ವರ್ಷ ಸೇವೆಯಾಗಿತ್ತು. ಹೊಸಬನಾಗಿದ್ದಾಗ ಅದರ ಹೆಸರನ್ನೇ ಯಾರೂ ಹೇಳಿರಲಿಲ್ಲ ಎಂಬ ನೋವು ಇನ್ನೂ ಇದೆ. ಆದ್ದರಿಂದ ನನ್ನ ಕೈಕೆಳಗೆ ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ಸೇವಾವಧಿಯ ಮಿತಿಯಿರುವ ಫೆಲೋಶಿಪ್ಪುಗಳನ್ನೇ ಮೊದಲು ತೋರಿಸುತ್ತೇನೆ. ಎರಡನೆಯ ಅರ್ಜಿಯಲ್ಲಿ ಪುಸ್ತಕಗಳನ್ನು ರೇಡಿಯೊ ಸಂಕೇತದಿಂದ ಗುರುತಿಸುವ ಆರ್‌ಎಫ್‌ಐಡಿ, ಡಿಜಿಟಲ್ ಗ್ರಂಥಾಲಯ, ಮೊಬೈಲ್ ಆ್ಯಪ್ ಎಲ್ಲವನ್ನೂ ತುರುಕಿದ್ದೆ. ಅದರಲ್ಲಿ ನಮ್ಮ ಕಾಲೇಜಿನದು ಎನ್ನುವಂಥ ಒಂದು ವಾಕ್ಯವೂ ಇರಲಿಲ್ಲ. ಮೂರನೆಯದು, 2016ರದ್ದು, ಚೆನ್ನಾಗಿಯೇ ಇತ್ತು. ಆದರೆ ಹೋಗಲು ಅಭ್ಯಂತರವಿಲ್ಲವೆಂಬ ನಿರಾಕ್ಷೇಪಣಾ ಪತ್ರ ಕಚೇರಿಯಿಂದ ಕಚೇರಿಗೆ ಸುತ್ತಿ ನನ್ನ ಕೈಗೆ ಬರುವ ಹೊತ್ತಿಗೆ ಕೊನೆಯ ದಿನಾಂಕ ಕಳೆದು ಎರಡು ದಿನವಾಗಿತ್ತು. ಅಂದು ರಾತ್ರಿ ಲೋಕಲ್‌ನಲ್ಲಿ ಮನೆಗೆ ಮರಳುವಾಗ, ಇನ್ನು ಇದರ ಗೊಡವೆಯೇ ಬೇಡ ಎಂದುಕೊಂಡಿದ್ದೆ.

ನಾಲ್ಕನೆಯ ಅರ್ಜಿಗೆ ವಿಷಯ ಸಿಕ್ಕಿದ್ದು ಕೌಂಟರಿನಲ್ಲಿ. ಮುಚ್ಚಿಹೋದ ಕನ್ನಡ ರಾತ್ರಿಶಾಲೆಯೊಂದರಿಂದ ನಮಗೆ ಸುಮಾರು 1,900 ಕನ್ನಡ ಪುಸ್ತಕಗಳು ದಾನವಾಗಿ ಬಂದಿದ್ದವು. ಅವುಗಳನ್ನು ಗ್ರಂಥಾಲಯ ತಂತ್ರಾಂಶವಾದ ಕೋಹಾದಲ್ಲಿ ಸೇರಿಸುವಾಗ ಹಿಂದಿನವರು ಶೀರ್ಷಿಕೆ, ಲೇಖಕರ ಹೆಸರು ಎಲ್ಲವನ್ನೂ ರೋಮನ್ ಅಕ್ಷರಗಳಲ್ಲಿ, ತಮಗೆ ತೋಚಿದ ಕಾಗುಣಿತದಲ್ಲಿ ಬರೆದಿದ್ದರು. ಕಾರಂತ ಎಂಬ ಒಂದೇ ಹೆಸರು ಕೊನೆಯಲ್ಲಿ ಎಚ್ ಇಟ್ಟು ಒಂದು ಬಗೆ, ಎಚ್ ಬದಲು ಎ ಇಟ್ಟು ಇನ್ನೊಂದು ಬಗೆ, ಎರಡೂ ಇಲ್ಲದೆ ಮತ್ತೊಂದು ಬಗೆಯಾಗಿ ಮೂರು ಕಡೆ ಹಂಚಿಹೋಗಿತ್ತು. ದ್ವಿತೀಯ ವರ್ಷದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಒಂದು ಕಾದಂಬರಿಯನ್ನು ಹುಡುಕಿ ಸಿಗದೆ ನನ್ನ ಬಳಿ ಬಂದು, "ಸರ್, ಅಜ್ಜಿಗೆ ಬೇಕಿತ್ತು, ನನಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ" ಎಂದಳು. ಆ ಪುಸ್ತಕ ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅದೇ ವಾರ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದ ಕನ್ನಡ ವಿಭಾಗದ ಸಂಶೋಧಕರೊಬ್ಬರು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಬರಿಗೈಯಲ್ಲಿ ಹೋದರು.

ಅಂದಿನಿಂದ, ಎಂದರೆ 2017ರ ಜೂನ್‌ನಿಂದ ನವೆಂಬರ್‌ವರೆಗೆ, ಕೌಂಟರಿನಲ್ಲಿ ಇನ್ನೂರು ಪುಟಗಳ ಒಂದು ನೋಟುಪುಸ್ತಕ ಇಟ್ಟೆ. ಕ್ಯಾಟಲಾಗಿನಲ್ಲಿ ಸಿಗದೆ, ಕಪಾಟಿನಲ್ಲಿ ಮಾತ್ರ ಸಿಕ್ಕ ಪ್ರತಿಯೊಂದು ಪುಸ್ತಕವನ್ನೂ ಓದುಗರು ಟೈಪ್ ಮಾಡಿದ ಅಕ್ಷರಗಳ ಸಮೇತ ಬರೆದಿಟ್ಟೆ. ನೆನಪಿನಂತೆ 140ರ ಆಸುಪಾಸು ನಮೂದುಗಳಾದವು. ಅರ್ಜಿಗೆ ಬೇಕಾದ ಸಮಸ್ಯೆಯ ವಿವರಣೆ ಅಷ್ಟರಲ್ಲೇ ಸಿದ್ಧವಾಗಿತ್ತು. ಪರಿಹಾರ ನಮ್ಮ ವೃತ್ತಿಯವರಿಗೆ ಗೊತ್ತಿರುವುದೇ: ಮಾರ್ಕ್ ಎಂಬ ಕ್ಯಾಟಲಾಗ್ ದಾಖಲೆಯ ಮಾದರಿಯಲ್ಲಿ ಶೀರ್ಷಿಕೆಯ ಕ್ಷೇತ್ರವಾದ 245ರಲ್ಲಿ ಒಂದು ಲಿಪಿ, ಪರ್ಯಾಯ ಲಿಪಿಯ ಕ್ಷೇತ್ರವಾದ 880ರಲ್ಲಿ ಇನ್ನೊಂದು ಲಿಪಿ, ಎರಡನ್ನೂ ಉಪಕ್ಷೇತ್ರ 6ರಿಂದ ಜೋಡಿಸುವುದು. ಕೋಹಾದ ಹುಡುಕಾಟದ ಎಂಜಿನ್ ಆದ ಜೀಬ್ರಾದಲ್ಲಿ, ಯೂನಿಕೋಡ್ ಲಿಪಿಗಳನ್ನು ಸರಿಯಾಗಿ ಗುರುತಿಸುವ ಐಸಿಯು ಸೂಚೀಕರಣಕ್ಕೆ ಬದಲಾಯಿಸುವವರೆಗೆ ಕನ್ನಡ ಹುಡುಕಾಟ ಸರಿಹೋಗಲಿಲ್ಲ ಎಂಬುದನ್ನು ಕಂಡುಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ಇದರ ನಡುವೆ ಕಪಾಟುಗಳಿಗೆ ಕ್ಯುಆರ್ ಚೀಟಿ ಅಂಟಿಸುವ ಒಂದು ಪ್ರಯೋಗವನ್ನೂ ಮಾಡಿದೆ. ಮಳೆಗಾಲದ ತೇವಕ್ಕೆ ಚೀಟಿಗಳು ಏಳತೊಡಗಿದ್ದರಿಂದ ಅದನ್ನು ಬಿಟ್ಟೆ. ಫಲ ಕೊಟ್ಟದ್ದು ಮತ್ತೊಂದು ಪ್ರಯೋಗ. ಕನ್ನಡ ಓದಲು ಬಾರದ ಮಕ್ಕಳು ಪುಸ್ತಕದ ಹೊದಿಕೆಯ ಫೋಟೊ ತೆಗೆದು ಮನೆಗೆ ಕಳುಹಿಸಿದರು. ಅಜ್ಜ ಅಜ್ಜಿಯರು ಓದಿ ಹೇಳಿದ ಶೀರ್ಷಿಕೆಯನ್ನು ಮಕ್ಕಳು ತಮಗೆ ಕೇಳಿಸಿದಂತೆ ರೋಮನ್‌ನಲ್ಲಿ ಬರೆದುಕೊಟ್ಟರು. ಓದುಗರು ಹುಡುಕುವ ಕಾಗುಣಿತ ಅದೇ ಆದ್ದರಿಂದ ಅದನ್ನು ಪರ್ಯಾಯ ಶೀರ್ಷಿಕೆಗಳ ಕ್ಷೇತ್ರವಾದ 246ರಲ್ಲಿ ಸೇರಿಸಿದೆ. ಹೀಗೆ ಮಾಡಿದ ಮೊದಲ 300 ದಾಖಲೆಗಳ ಫಲಿತಾಂಶವನ್ನೇ ಅಧಿವೇಶನದಲ್ಲಿ ಪ್ರದರ್ಶಿಸುವ ಪೋಸ್ಟರಿನ ವಿಷಯವಾಗಿಸಿದೆ.

ಅರ್ಜಿಯಲ್ಲಿ ನನ್ನ ಪದವಿಗಳಿಗೆ ನಾಲ್ಕೇ ಸಾಲು ಕೊಟ್ಟೆ. ನೋಟುಪುಸ್ತಕದ ಒಂದು ಪುಟದ ಚಿತ್ರ ಸೇರಿಸಿದೆ. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ತರದೆ, ನನ್ನ ಕೆಲಸವನ್ನು ಕಣ್ಣಾರೆ ಕಂಡವರಿಂದ ಬರೆಸಿದೆ. ನಿರಾಕ್ಷೇಪಣಾ ಪತ್ರಕ್ಕೆ ನಾಲ್ಕು ತಿಂಗಳು ಮುಂಚೆಯೇ, ಅನುದಾನ ಸಿಕ್ಕರೆ ಎಂಬ ಷರತ್ತಿನೊಂದಿಗೆ ಬರೆದುಕೊಟ್ಟೆ. ಮೊದಲ ಪ್ಯಾರಾವನ್ನು ಹೇಗೆ ಕಟ್ಟಿದೆ, ಖರ್ಚಿನ ಪಟ್ಟಿಯಲ್ಲಿ ಯಾವುದನ್ನು ಮೊದಲು ಇಟ್ಟೆ ಎಂಬ ಎರಡು ವಿಷಯಗಳನ್ನು ಮಾತ್ರ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ, ಏಕೆಂದರೆ ಮುಂದೆಯೂ ನಾನು ಅರ್ಜಿ ಹಾಕುವವನೇ.

ಹಣದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಥ ಅನುದಾನಗಳಲ್ಲಿ ಅನೇಕವು ಖರ್ಚಾದ ಮೇಲೆ ಮರುಪಾವತಿಯಾಗಿ ಬರುವಂಥವು. ಮೊದಲು ಹಣ ಹಾಕಬೇಕಾದವರು ನಾವೇ. ನೋಂದಣಿ ಮತ್ತು ವಿಮಾನಕ್ಕೆ ಹೆಚ್ಚುಕಡಿಮೆ 60,000 ರೂಪಾಯಿ, ಇನ್ನೊಬ್ಬರೊಂದಿಗೆ ಹಂಚಿಕೊಂಡ ಕೋಣೆಗೆ 13,000ದಷ್ಟು, ವೀಸಾ, ವಿಮೆ, ಪೋಸ್ಟರ್ ಮುದ್ರಣ, ಊಟ ಎಲ್ಲ ಸೇರಿ 88,000ದ ಹತ್ತಿರ ಆಯಿತು. ನೌಕರರ ಕ್ರೆಡಿಟ್ ಸೊಸೈಟಿಯಿಂದ 50,000 ಸಾಲ ತೆಗೆದೆ. ಬಂದ ಅನುದಾನ ಸುಮಾರು 70,000, ಅದೂ ಹತ್ತು ತಿಂಗಳ ನಂತರ. ಆ ವಿಳಂಬದಲ್ಲಿ ಒಂದು ಭಾಗ ನನ್ನ ತಪ್ಪಿನಿಂದಲೇ ಆದದ್ದು. ಮರುಪಾವತಿಗೆ ಪುರಾವೆಯಾಗಿ ಬೇಕಾಗಿದ್ದ ಬೋರ್ಡಿಂಗ್ ಪಾಸುಗಳನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಉಷ್ಣ ಮುದ್ರಣದ ಆ ಕಾಗದ ಪ್ಲಾಸ್ಟಿಕ್‌ನ ಸಂಪರ್ಕಕ್ಕೆ ಮಸುಕಾಗುತ್ತದೆ; ತೆಗೆದು ನೋಡಿದಾಗ ನನ್ನ ಹೆಸರಿನ ಮೊದಲ ಮೂರು ಅಕ್ಷರಗಳು ಮಾತ್ರ ಉಳಿದಿದ್ದವು. ವಿಮಾನ ಸಂಸ್ಥೆಯಿಂದ ಪ್ರಯಾಣದ ದೃಢೀಕರಣ ಪತ್ರ ತರಿಸಿಕೊಳ್ಳಲು ಎಂಟು ವಾರ, ಹತ್ತಾರು ಇ-ಮೇಲ್‌ಗಳು ಬೇಕಾದವು. ಗ್ರಂಥಸಂರಕ್ಷಣೆಯ ಪಾಠ ಮಾಡುವ ನನಗೆ ಇದು ಹೊಳೆಯಬೇಕಿತ್ತು. ವಿಮಾನದಿಂದ ಇಳಿದ ದಿನವೇ ಬೋರ್ಡಿಂಗ್ ಪಾಸನ್ನು ಸ್ಕ್ಯಾನ್ ಮಾಡಿಸಿ, ಜೆರಾಕ್ಸ್ ತೆಗೆಸಿ, ಮೂಲವನ್ನು ಕಾಗದದ ಲಕೋಟೆಯಲ್ಲಿ ಇಡಿ.

ಪೋಸ್ಟರಿನ ಮುಂದೆ ನಿಂತಿದ್ದಾಗ ಹೆಚ್ಚು ಪ್ರಶ್ನೆ ಕೇಳಿದವರು ತಮ್ಮಲ್ಲೂ ಎರಡು ಮೂರು ಲಿಪಿಗಳ ತೊಡಕು ಇರುವವರು. ತಮಿಳು ಸಂಗ್ರಹವನ್ನು ನೋಡಿಕೊಳ್ಳುವ ಒಬ್ಬರು 880ನ್ನು ಒಂದೊಂದಾಗಿ ತುಂಬದೆ, ಸ್ಪ್ರೆಡ್‌ಶೀಟಿನಲ್ಲಿ ಸಿದ್ಧಪಡಿಸಿ, ಕ್ಯಾಟಲಾಗ್ ದಾಖಲೆಗಳನ್ನು ತಿದ್ದುವ ತಂತ್ರಾಂಶವಾದ ಮಾರ್ಕ್‌ಎಡಿಟ್‌ನಿಂದ ಒಟ್ಟಿಗೆ ಸೇರಿಸುವುದನ್ನು ಅಲ್ಲಿಯೇ ತೋರಿಸಿಕೊಟ್ಟರು. ಅಲ್ಲಿಯವರೆಗೆ ದಾಖಲೆಯೊಂದಕ್ಕೆ ಆರು ನಿಮಿಷ ತಗಲುತ್ತಿದ್ದದ್ದು ಈಗ ಎರಡಕ್ಕಿಂತ ಕಡಿಮೆಯಾಗಿದೆ. 1,900ರಲ್ಲಿ ಸುಮಾರು 1,300 ಮುಗಿದಿವೆ. ಉಳಿದ ಆರುನೂರರಲ್ಲಿ ಹೆಚ್ಚಿನವು ಹೊದಿಕೆ ಹರಿದು ಮುಖಪುಟ ಕಳೆದುಕೊಂಡವು. ಅವುಗಳ ಶೀರ್ಷಿಕೆ ಗುರುತಿಸಲು ಆ ವಿದ್ಯಾರ್ಥಿನಿಯ ಅಜ್ಜಿ ತಿಂಗಳಿಗೊಮ್ಮೆ ಶನಿವಾರ ಗ್ರಂಥಾಲಯಕ್ಕೆ ಬರುತ್ತಿದ್ದಾರೆ.