ದಾರಿಯಲ್ಲಿ ಸಿಕ್ಕವರ ಸ್ನೇಹ ಉಳಿಸಿಕೊಳ್ಳುವುದು ಹೇಗೆ

ಒಬ್ಬರೇ ಸುತ್ತುವವರಿಗೆ ಜನ ಸಿಗುವುದು ಕಷ್ಟವಲ್ಲ. ಗುಂಪಿನಲ್ಲಿ ಹೋದವರು ತಮ್ಮತಮ್ಮಲ್ಲೇ ಹರಟುತ್ತಾ ಇರುತ್ತಾರೆ, ಒಬ್ಬರೇ ಕೂತಿದ್ದರೆ ಪಕ್ಕದವರೇ ಮಾತಿಗೆಳೆಯುತ್ತಾರೆ. ಕಷ್ಟ ಇರುವುದು ಆಮೇಲೆ. 'ಖಂಡಿತ ಫೋನ್ ಮಾಡ್ತೀನಿ' ಅಂತ ನಂಬರ್ ಬರೆದುಕೊಂಡು ಹೋದವರಲ್ಲಿ ನಿಜವಾಗಿ ಮಾಡುವವರು ಎಷ್ಟು ಜನ?

ಮಾತು ಶುರು ಮಾಡಲು ಒಂದು ಸಣ್ಣ ಸಹಾಯ ಕೇಳಿ, ದಾರಿಯೋ ಬಸ್ಸಿನ ಹೊತ್ತೋ. ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯಬೇಡಿ. ಶಿಕಾಗೋದ ರೈಲು, ಬಸ್ಸು ಪ್ರಯಾಣಿಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮ್ನೆ ಕೂತವರಿಗಿಂತ ಅಪರಿಚಿತರ ಜೊತೆ ಮಾತಾಡಿದವರಿಗೇ ಪ್ರಯಾಣ ಹಿತವಾಗಿತ್ತು. ಮೊದಲೇ ಊಹಿಸಲು ಹೇಳಿದಾಗ ಜನ ಉಲ್ಟಾ ಹೇಳಿದ್ದರು! ಹಾಗಂತ ಎಲ್ಲಿ ಉಳಿದುಕೊಂಡಿದ್ದೀರಿ ಅನ್ನುವುದನ್ನು ಮೊದಲ ದಿನವೇ ಹೇಳಬೇಡಿ.

ಓಡಾಟ ಕಡಿಮೆ ಮಾಡಿ, ಒಂದೇ ಕಡೆ ಜಾಸ್ತಿ ದಿನ ನಿಲ್ಲಿ. ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಒಡನಾಟ ಬೇಕು ಅಂತ ಅಮೆರಿಕದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ್ದರು. ಊರಲ್ಲಿ ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದರೆ ದಿನಕ್ಕೆ ಎಂಟು ಗಂಟೆ ಜೊತೆಯಲ್ಲಿ ನಡೆದರೆ ವಾರದೊಳಗೆ ಮುಗಿಯುತ್ತದೆ ಅಲ್ವಾ? ಚಾರಣದ ಜೊತೆಗಾರರು ಅಷ್ಟು ಬೇಗ ಹತ್ತಿರವಾಗುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಬೀಳ್ಕೊಂಡ ಕೂಡಲೇ ಫೋನಿನಲ್ಲಿ ಹೆಸರಿನ ಪಕ್ಕ ಒಂದು ಸಾಲು ಬರೆದಿಡಿ: 'ಕಿಟಕಿ ಸೀಟು ಬಿಟ್ಟುಕೊಟ್ಟವರು, ಮಗಳಿಗೆ ಮುಂದಿನ ತಿಂಗಳು ಪರೀಕ್ಷೆ.' ವಾರದೊಳಗೆ ಒಂದು ಮೆಸೇಜ್ ಹಾಕಿ. ಬರೀ 'ಹೇಗಿದ್ದೀರಿ' ಅಂದರೆ 'ಚೆನ್ನಾಗಿದ್ದೀನಿ' ಅನ್ನುವಲ್ಲಿಗೆ ಮಾತು ನಿಂತುಹೋಗುತ್ತದೆ. ಮುಂದಿನ ತಿಂಗಳು 'ಮಗಳು ಪರೀಕ್ಷೆ ಹೇಗೆ ಬರೆದಳು?' ಅಂತ ಕೇಳಿ ನೋಡಿ, ಉತ್ತರ ಉದ್ದವಾಗಿ ಬರುತ್ತದೆ. ಫೋಟೋ ಕಳಿಸುತ್ತೇನೆ ಅಂದಿದ್ದರೆ ಕಳಿಸಿ. ವಯಸ್ಸಾದವರಿಗಾದರೆ ಪ್ರಿಂಟ್ ಹಾಕಿಸಿ, ಹಿಂದೆ ತಾರೀಖು ಬರೆದು, ಅಂಚೆಯಲ್ಲೇ ಕಳಿಸಿ.

ದಿನಾ ಗುಡ್ ಮಾರ್ನಿಂಗ್ ಚಿತ್ರ ಮಾತ್ರ ಬೇಡ, ದಯವಿಟ್ಟು. ವರ್ಷಕ್ಕೆ ಎರಡು ಸಲ ಮನಸಾರೆ ಮಾತಾಡಿದರೂ ಸಂಬಂಧ ಉಳಿಯುತ್ತದೆ. ಮತ್ತೆ ಆ ಕಡೆ ಹೋಗುವುದಿದ್ದರೆ ಮೊದಲೇ ತಿಳಿಸಿ, ಆದರೆ ಅವರ ಮನೆಯಲ್ಲೇ ಉಳಿಯುವ ಲೆಕ್ಕಾಚಾರದಲ್ಲಿ ಹೋಗಬೇಡಿ. ಕರೆದರೆ ಹೋಗಿ, ಒಂದು ರಾತ್ರಿ ಇದ್ದು ಹೊರಡಿ.

ಉತ್ತರ ಬರದಿದ್ದರೆ ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಿರಿ. ಆಗಲೂ ಬರದಿದ್ದರೆ ಬಿಟ್ಟುಬಿಡಿ, ನಂಬರ್ ಅಳಿಸಬೇಡಿ.