ಕಾಲೊರಸು ನಾರುತ್ತಿದೆಯೇ? ಮೊದಲು ಮಗುಚಿ ನೋಡಿ

ಸ್ನಾನ ಮುಗಿಸಿ ಹೊರಗೆ ಕಾಲಿಟ್ಟ ಕೂಡಲೇ ಪಾದಕ್ಕೆ ತಣ್ಣಗೆ ಪಿಚಪಿಚ ಅಂದರೆ ಅದು ನಿನ್ನೆಯ ನೀರು. ಇವತ್ತಿನ ನೀರು ಇನ್ನೂ ನಿಮ್ಮ ಮೈಮೇಲೇ ಇದೆ. ಬಾತ್‌ರೂಮ್ ಮ್ಯಾಟ್ ನಾರುವ ಕಥೆಯೆಲ್ಲ ಈ ನಿನ್ನೆಯ ನೀರಿನದು.

ನಾನಿದನ್ನು ಬಹಳ ಕಾಲ ಕೊಳೆಯ ಸಮಸ್ಯೆ ಎಂದೇ ತಿಳಿದಿದ್ದೆ. ವಾರಕ್ಕೆರಡು ಸಲ ಒಗೆದೆ, ಸೋಪಿನ ಪುಡಿ ಕೈ ಬಿಚ್ಚಿ ಸುರಿದೆ, ಪರಿಮಳದ ಕಂಡಿಷನರ್ ಹಾಕಿದೆ. ಮೂರನೇ ದಿನಕ್ಕೆ ಮತ್ತದೇ ಮುಗ್ಗಲು, ಅದೂ ಹೂವಿನ ಪರಿಮಳ ಬೆರೆತ ಮುಗ್ಗಲು! ಒಂದು ದಿನ ಗುಡಿಸಲೆಂದು ಮ್ಯಾಟ್ ಎತ್ತಿ ಮಗುಚಿದರೆ ತಳದ ತುಂಬ ಕಪ್ಪು ಚುಕ್ಕೆ. ನೆಲದ ಮೇಲೆ ಮ್ಯಾಟಿನದೇ ಅಳತೆಯ ಒದ್ದೆ ಚೌಕ. ಮೇಲ್ಭಾಗ ಮಾತ್ರ ಮುಟ್ಟಿದರೆ ಒಣಗಿತ್ತು. ಅಂದಿನಿಂದ ಒಗೆಯುವುದನ್ನು ಕಡಿಮೆ ಮಾಡಿ ಒಣಗಿಸುವುದನ್ನು ಹೆಚ್ಚು ಮಾಡಿದೆ. ವಾಸನೆ ಹೋಯಿತು.

ವಾಸನೆ ಹುಟ್ಟುವ ಬಗೆ

ನೀರಿಗೆ ವಾಸನೆ ಇಲ್ಲ. ಆದರೆ ಪಾದದಿಂದ ಉದುರುವ ಚರ್ಮದ ಪುಡಿ, ಮೈಯ ಜಿಡ್ಡು, ಪೂರ್ತಿ ತೊಳೆದುಹೋಗದ ಸೋಪು ಎಲ್ಲ ಮ್ಯಾಟಿನ ಎಳೆಗಳಲ್ಲಿ ಸೇರಿಕೊಳ್ಳುತ್ತವೆ. ತೇವವೂ ಸಿಕ್ಕಿತೆಂದರೆ ಬ್ಯಾಕ್ಟೀರಿಯಾಗಳು ಇದನ್ನು ತಿಂದು ಬೆಳೆಯುತ್ತವೆ; ಅವು ಹೊರಬಿಡುವ ವಸ್ತುಗಳೇ ನಮ್ಮ ಮೂಗಿಗೆ ಬಡಿಯುವುದು. ಒಗೆದ ಬಟ್ಟೆಯಿಂದ ಬರುವ ಹಸಿ ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಒಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಎಂದು 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಇದು ಒಣಗಿದರೂ ಬದುಕಿ ಉಳಿಯುವ ಗಟ್ಟಿ ಜೀವಿ. ಒಣಗಿದಾಗ ಏನೂ ವಾಸನೆ ಇಲ್ಲದ ಮ್ಯಾಟ್ ಒಂದು ಚೊಂಬು ನೀರು ಬಿದ್ದ ತಕ್ಷಣ ಗಬ್ಬೆನ್ನುವುದು ಏಕೆಂದು ಈಗ ಅರ್ಥವಾಗುತ್ತದೆ. ಇನ್ನು ಬೂಸು: ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಿದರೆ ಸಾಮಾನ್ಯವಾಗಿ ಬೂಸು ಹಿಡಿಯುವುದಿಲ್ಲ. ದಿನಾ ಸ್ನಾನವಾಗುವ ಮನೆಯಲ್ಲಿ ನೆಲದ ಮೇಲೇ ಬಿದ್ದಿರುವ ಮ್ಯಾಟಿಗೆ ಆ ಬಿಡುವು ಸಿಗುವುದೇ ಇಲ್ಲ.

1. ನಿಮ್ಮದು ಯಾವ ಜಾತಿಯ ಮ್ಯಾಟ್?

ಹತ್ತಿಯದು ನೀರನ್ನು ಚೆನ್ನಾಗಿ ಹೀರುತ್ತದೆ, ಅಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಣಗಿದೆ ಅನ್ನಿಸುವ ಹತ್ತಿಯಲ್ಲೂ ಅದರ ತೂಕದ ಸುಮಾರು 8 ಶೇಕಡಾದಷ್ಟು ತೇವ ಇರುತ್ತದೆ. ಪಾಲಿಯೆಸ್ಟರಿನಲ್ಲಿ ಅರ್ಧ ಶೇಕಡಾವೂ ಇರುವುದಿಲ್ಲ. ಹಾಗಾಗಿ ಮೈಕ್ರೋಫೈಬರ್ ಮ್ಯಾಟ್ ಬೇಗ ಒಣಗುತ್ತದೆ. ಅದರ ಕೊರತೆ ಬೇರೆ: ಜಿಡ್ಡನ್ನು ಬಿಟ್ಟುಕೊಡುವುದಿಲ್ಲ, ಒಮ್ಮೆ ವಾಸನೆ ಹಿಡಿದರೆ ಹಟಮಾರಿ.

ಕಾಲಿಟ್ಟರೆ ಹಿತವಾಗಿ ಕುಸಿಯುವ ಮೆಮೊರಿ ಫೋಮ್ ಮ್ಯಾಟುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮೇಲಿನ ಬಟ್ಟೆ ಒಣಗಿದ್ದರೂ ಒಳಗಿನ ಸ್ಪಂಜು ದಿನಗಟ್ಟಲೆ ಹಸಿಯಾಗಿರುತ್ತದೆ. ಬಿಸಿಲು, ಗಾಳಿ ಧಾರಾಳವಾಗಿರುವ ಮನೆಗೆ ಸರಿ. ಕಿಟಕಿ ಇಲ್ಲದ ಬಾತ್‌ರೂಮಿಗೆ ಬೇಡ. ತಳಕ್ಕೆ ರಬ್ಬರ್ ಅಂಟಿಸಿದವು ಜಾರುವುದಿಲ್ಲ, ಆದರೆ ಆ ಕಡೆಯಿಂದ ನೀರು ಆವಿಯಾಗುವ ದಾರಿಯೂ ಮುಚ್ಚಿರುತ್ತದೆ.

ಯಾವುದೇ ಆಗಲಿ, ಒಣಗಿದೆಯೋ ಇಲ್ಲವೋ ನೋಡಲು ಕೈ ಸಾಲದು. ಮ್ಯಾಟಿನ ಮೇಲೊಂದು ಟಿಶ್ಯೂ ಹಾಸಿ ಅದರ ಮೇಲೆ ಹತ್ತು ಸೆಕೆಂಡು ಭಾರ ಬಿಟ್ಟು ನಿಲ್ಲಿ. ಟಿಶ್ಯೂ ಮೆತ್ತಗಾದರೆ ಒಳಗೆ ನೀರಿದೆ ಎಂದೇ ಲೆಕ್ಕ.

2. ಕಡಿಮೆ ನೀರು ಕುಡಿಸಿ

ಮೈ ಒರಸಿಕೊಳ್ಳುವ ಕೆಲಸವನ್ನು ಮ್ಯಾಟಿಗೆ ವಹಿಸಬೇಡಿ. ನೀರು ಬೀಳುವ ಜಾಗದಲ್ಲೇ ನಿಂತು ಕೈಯಿಂದ ತೋಳು, ಕಾಲುಗಳ ನೀರನ್ನು ಕೆಳಕ್ಕೆ ಸವರಿ, ಟವೆಲಿನಲ್ಲಿ ಮೊಣಕಾಲಿನ ಕೆಳಗೂ ಒರಸಿಕೊಂಡು ಆಮೇಲೆ ಹೊರಗೆ ಬನ್ನಿ. ಪಾದದ ನೀರಷ್ಟೇ ಮ್ಯಾಟಿನ ಪಾಲಿಗೆ ಬರಲಿ. ಕೂದಲಿನಿಂದ ತೊಟ್ಟಿಕ್ಕುವ ನೀರೇ ಹೆಚ್ಚಿನ ಸಲ ಮ್ಯಾಟನ್ನು ತೋಯಿಸುವುದು. ತಲೆಗೆ ಸ್ನಾನ ಮಾಡಿದ ದಿನ ಟವೆಲ್ ಸುತ್ತಿಕೊಂಡೇ ಹೊರಬನ್ನಿ.

3. ಎತ್ತಿ, ತೂಗುಹಾಕಿ

ಈ ಲೇಖನದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ. ಕೊನೆಯವರ ಸ್ನಾನವಾದ ಕೂಡಲೇ ಮ್ಯಾಟ್ ನೆಲ ಬಿಡಬೇಕು. ನೆಲದ ಮೇಲಿದ್ದಾಗ ಒಂದೇ ಮೈ ಒಣಗುತ್ತದೆ. ತೂಗುಹಾಕಿದರೆ ಎರಡೂ ಮೈಗೆ ಗಾಳಿ ತಾಕುತ್ತದೆ, ಕೆಳಗಿನ ನೆಲವೂ ಒಣಗುತ್ತದೆ.

ತೂಗುಹಾಕುವುದರಲ್ಲೂ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಟವೆಲ್ ರಾಡಿನ ಮೇಲೆ ಮ್ಯಾಟನ್ನು ಎರಡಾಗಿ ಮಡಚಿ ಎಸೆದರೆ ಒಳಗಿನ ಮೈಗಳು ಒಂದಕ್ಕೊಂದು ಅಂಟಿಕೊಂಡು ಸಂಜೆಯಾದರೂ ಹಸಿಯಾಗಿಯೇ ಇರುತ್ತವೆ. ಗಟ್ಟಿ ಕ್ಲಿಪ್ ಎರಡು ತಂದು ಒಂದು ಅಂಚನ್ನು ಹಿಡಿಸಿ ಉದ್ದಕ್ಕೆ ಇಳಿಬಿಡಿ. ಹತ್ತು ನಿಮಿಷಕ್ಕೆ ನೀರೆಲ್ಲ ಕೆಳಗಿನ ಅಂಚಿಗೆ ಇಳಿದಿರುತ್ತದೆ. ಆ ಅಂಚನ್ನಷ್ಟೇ ಒಮ್ಮೆ ಹಿಂಡಿದರೆ ಒಣಗಲು ಹಿಡಿಯುವ ಹೊತ್ತು ಎಷ್ಟೋ ಉಳಿಯುತ್ತದೆ. ಮಡಚದೆ ಬೇರೆ ದಾರಿಯಿಲ್ಲ ಎಂದಾದರೆ ಬಟ್ಟೆಯ ಮೈ ಹೊರಗೆ, ರಬ್ಬರ್ ಒಳಗೆ ಬರಲಿ. ಬಿಸಿಲಿಗೆ ಹಾಕುವಾಗಲೂ ಅಷ್ಟೇ: ಬಿಸಿಲು ಬಟ್ಟೆಗೆ ಒಳ್ಳೆಯದು, ರಬ್ಬರನ್ನು ಬಿರುಕು ಬಿಡಿಸುತ್ತದೆ.

ಮನೆಯಲ್ಲಿ ನಾಲ್ಕೈದು ಜನ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವುದಾದರೆ ಒಂದು ದಪ್ಪ ಮ್ಯಾಟಿನ ಬದಲು ಎರಡು ತೆಳುವಾದವನ್ನು ಇಟ್ಟುಕೊಳ್ಳಿ. ಒಂದು ನೆಲದ ಮೇಲೆ, ಇನ್ನೊಂದು ಕ್ಲಿಪ್ಪಿನಲ್ಲಿ. ದಿನ ಬಿಟ್ಟು ದಿನ ಅದಲುಬದಲು. ಮನೆಯಲ್ಲಿ ಯಾರಿಗಾದರೂ ಕಾಲ್ಬೆರಳ ಸಂದಿಯಲ್ಲಿ ಶಿಲೀಂಧ್ರದ ತುರಿಕೆ ಇದ್ದರೆ ಅವರ ಮ್ಯಾಟ್ ಬೇರೆಯೇ ಇರಲಿ. ಒದ್ದೆ ಮ್ಯಾಟಿನ ಮೂಲಕ ಅದು ಮನೆಮಂದಿಗೆಲ್ಲ ದಾಟಬಲ್ಲದು.

4. ಕೋಣೆಯ ಹವೆ ಬದಲಿಸಿ

ಕೋಣೆಯ ಹವೆಯಲ್ಲೇ ತೇವ ತುಂಬಿದ್ದರೆ ಮ್ಯಾಟಿನ ನೀರು ಹೋಗುವುದಾದರೂ ಎಲ್ಲಿಗೆ? ಸ್ನಾನವಾದ ಮೇಲೂ ಇಪ್ಪತ್ತು ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಲಿ, ಬಾಗಿಲು ಸ್ವಲ್ಪ ತೆರೆದಿರಲಿ. ಬಾಗಿಲು ಭದ್ರವಾಗಿ ಮುಚ್ಚಿದ್ದರೆ ಹೊರಗಿನ ಒಣ ಗಾಳಿ ಒಳಗೆ ಬರದೆ ಫ್ಯಾನ್ ಸುಮ್ಮನೆ ತಿರುಗುತ್ತದೆ. ಮಳೆ ಹಿಡಿದ ದಿನಗಳಲ್ಲಿ ಮ್ಯಾಟನ್ನು ಬಾತ್‌ರೂಮಿನಿಂದ ಹೊರಗೆ ತಂದು, ಓಡುತ್ತಿರುವ ಫ್ಯಾನಿನ ಎದುರು ತೂಗುಹಾಕಿ.

5. ಒಗೆಯುವ ಕ್ರಮ

ವಾರಕ್ಕೊಮ್ಮೆ ಸಾಕು. ಇಬ್ಬರೇ ಇರುವ ಮನೆ, ದಿನಾ ಒಣಗುವ ಮ್ಯಾಟ್ ಎಂದಾದರೆ ಹತ್ತು ದಿನಕ್ಕೊಮ್ಮೆಯಾದರೂ ನಡೆಯುತ್ತದೆ.

ಮೊದಲು ಹೊರಗೆ ಒಯ್ದು ಬಲವಾಗಿ ಒದರಿ. ಕೂದಲು, ಧೂಳು ಒಣಗಿದ್ದಾಗ ಉದುರುತ್ತವೆ. ಒದ್ದೆಯಾದ ಮೇಲೆ ಎಳೆಗೆ ಸುತ್ತಿಕೊಳ್ಳುತ್ತವೆ, ಮೆಷಿನ್ನಿನ ಫಿಲ್ಟರಿಗೂ ಕಾಟ. ರಬ್ಬರ್ ಇಲ್ಲದ ಹತ್ತಿ ಮ್ಯಾಟನ್ನು ಲೇಬಲ್ ಒಪ್ಪಿದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ಆ ಬಿಸಿಗೆ ಹೆಚ್ಚಿನ ಸೂಕ್ಷ್ಮಜೀವಿಗಳು ಉಳಿಯುವುದಿಲ್ಲ. ರಬ್ಬರ್ ತಳದ್ದಕ್ಕೆ ಉಗುರುಬೆಚ್ಚಗಿನ ನೀರು, ಹೆಚ್ಚೆಂದರೆ 40 ಡಿಗ್ರಿ. ಅದಕ್ಕೆ ಬ್ಲೀಚೂ ಬೇಡ, ಡ್ರೈಯರಿನ ಜೋರು ಬಿಸಿಯೂ ಬೇಡ. ಫೋಮ್ ಮ್ಯಾಟನ್ನು ತಿರುಚಿ ಹಿಂಡಿದರೆ ಒಳಗಿನ ಸ್ಪಂಜು ಹರಿಯುತ್ತದೆ. ಎರಡು ಟವೆಲಿನ ನಡುವೆ ಇಟ್ಟು ಅಂಗೈಯಿಂದ ಒತ್ತಿ ನೀರು ತೆಗೆಯಬೇಕು.

ಮೆಷಿನ್ನಿಗೆ ಒಂದೇ ಮ್ಯಾಟ್ ಹಾಕಿದರೆ ಡ್ರಮ್ಮಿನ ಒಂದು ಬದಿಗೆ ಭಾರ ಸೇರಿ ಸ್ಪಿನ್ ಹೊತ್ತಿಗೆ ಮೆಷಿನ್ ಕುಣಿಯುತ್ತದೆ. ಜೊತೆಗೆ ಎರಡು ಹಳೆಯ ಟವೆಲ್ ಸೇರಿಸಿ. ಸೋಪಿನ ಪುಡಿ ಅಳತೆ ಮೀರದಿರಲಿ: ಹೆಚ್ಚಾದದ್ದು ಎಳೆಗಳಲ್ಲೇ ಉಳಿದು ಕೊಳೆಯನ್ನು ಹಿಡಿದಿಡುತ್ತದೆ. ಗಡಸು ನೀರಿನಲ್ಲಿ ಬಟ್ಟೆ ಸೋಪು ಬಳಸಿದರಂತೂ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬಿಳಿ ಗಷ್ಟು ಆಗುತ್ತದೆ, ಮ್ಯಾಟ್ ಬಿರುಸಾಗುತ್ತದೆ. ನೊರೆ ನಿಲ್ಲುವ ತನಕ ಜಾಲಿಸಿ. ಕಂಡಿಷನರ್ ಬಿಟ್ಟುಬಿಡಿ, ನನ್ನ ತಪ್ಪು ನೀವು ಮಾಡಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನ ಪದರ ಕಟ್ಟಿ ನೀರು ಹೀರುವ ಗುಣವನ್ನೇ ತಗ್ಗಿಸುತ್ತದೆ.

6. ಈಗಾಗಲೇ ನಾರುತ್ತಿದ್ದರೆ

ರಬ್ಬರ್ ಇಲ್ಲದ ಮ್ಯಾಟನ್ನು ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಜಾಲಿಸಿ, ಆಮೇಲೆ ಎಂದಿನಂತೆ ಒಗೆಯಿರಿ. ರಬ್ಬರ್ ತಳದ್ದಕ್ಕೆ ವಿನೆಗರ್ ಪದೇ ಪದೇ ಒಳ್ಳೆಯದಲ್ಲ. ಒಣಗಿದ ಮ್ಯಾಟಿನ ಮೇಲೆ ಅಡುಗೆ ಸೋಡಾ ಉದುರಿಸಿ ಕೆಲವು ಗಂಟೆ ಬಿಟ್ಟು ಒದರಿ, ನಂತರ ಒಗೆಯಿರಿ. ಎರಡನ್ನೂ ಒಟ್ಟಿಗೆ ಸುರಿದು ಬುಸುಬುಸು ನೊರೆ ಎಬ್ಬಿಸುವ ವಿಡಿಯೊಗಳನ್ನು ನೋಡಿರುತ್ತೀರಿ. ನೋಡಲು ಚಂದ. ಆದರೆ ಆಮ್ಲ, ಕ್ಷಾರ ಒಂದನ್ನೊಂದು ಮುಗಿಸಿಬಿಟ್ಟು ಕೊನೆಗೆ ಉಳಿಯುವುದು ಒಂದಿಷ್ಟು ಉಪ್ಪುನೀರಿನಂಥ ದ್ರಾವಣ ಮಾತ್ರ.

ಇದಕ್ಕೂ ಬಗ್ಗದ ಹಟಮಾರಿ ವಾಸನೆಗೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಪುಡಿ ನನ್ನ ಆಯ್ಕೆ. ಬಣ್ಣದ ಬಟ್ಟೆಗೆ ಕ್ಲೋರಿನ್ ಬ್ಲೀಚಿಗಿಂತ ಸೌಮ್ಯ. ತಣ್ಣೀರಿನಲ್ಲಿ ಮಾತ್ರ ಅದು ಮಂದ. ಕನಿಷ್ಠ 40 ಡಿಗ್ರಿ ಬಿಸಿ ಬೇಕು, ಅಳತೆ ಪೊಟ್ಟಣದ ಮೇಲಿದ್ದಂತೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಲೋರಿನ್ ಬ್ಲೀಚಿಗೆ ವಿನೆಗರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಹಲವು ದ್ರವಗಳಲ್ಲೂ ಆಮ್ಲವೇ ಇರುವುದು. ಮ್ಯಾಟ್ ಬ್ಲೀಚಿನಲ್ಲಿ ನೆನೆದಿರುವಾಗ ಪಕ್ಕದಲ್ಲೇ ಟಾಯ್ಲೆಟ್ ತೊಳೆಯಲು ನಿಲ್ಲಬೇಡಿ, ಅದರಲ್ಲೂ ಬಾಗಿಲು ಮುಚ್ಚಿಕೊಂಡು.

ಕಲ್ಲಿನ ಮ್ಯಾಟ್ ಬೇರೆಯೇ ಲೆಕ್ಕ

ಈಚೆಗೆ ಕಾಣುವ ಚಪ್ಪಟೆ ಕಲ್ಲಿನಂಥ ಮ್ಯಾಟುಗಳನ್ನು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಮಣ್ಣಿನಿಂದ ಮಾಡುತ್ತಾರೆ. ಮೈತುಂಬ ಕಣ್ಣಿಗೆ ಕಾಣದ ರಂಧ್ರ; ನೀರು ಬಿದ್ದಲ್ಲೇ ಇಂಗುತ್ತದೆ, ಬೇಗ ಆರುತ್ತದೆ. ಇದಕ್ಕೆ ಸೋಪು ಹಾಕಿದರೆ ರಂಧ್ರಗಳು ಮುಚ್ಚಿ ಮ್ಯಾಟ್ ಕೆಲಸ ನಿಲ್ಲಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರಸಿ ಗೋಡೆಗೆ ಒರಗಿಸಿದರೆ ಸಾಕು. ಹೀರುವುದು ಕಡಿಮೆಯಾದಾಗ ಮರಳು ಕಾಗದದಲ್ಲಿ ಉಜ್ಜುವ ರೂಢಿ ಇದೆ. ಆದರೆ 2020ರಲ್ಲಿ ಜಪಾನಿನಲ್ಲಿ ಇಂಥ ಕೆಲವು ಮ್ಯಾಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯಕಾರಿ) ಪತ್ತೆಯಾಗಿ ಮಾರಿದ ಮಾಲನ್ನು ವಾಪಸ್ ಪಡೆಯಬೇಕಾಯಿತು. ತಯಾರಕರು ಯಾರೆಂದೇ ತಿಳಿಯದ ಮ್ಯಾಟನ್ನು ಉಜ್ಜಿ ಪುಡಿ ಎಬ್ಬಿಸದಿರುವುದು ಲೇಸು.

ಬಿಸಾಡುವ ಹೊತ್ತು

ರಬ್ಬರ್ ಪುಡಿಪುಡಿಯಾಗಿ ಉದುರುತ್ತಿದೆಯೇ, ಮ್ಯಾಟ್ ಕಾಲಡಿ ಸರಿಯುತ್ತಿದೆಯೇ? ಅದರ ಆಯುಸ್ಸು ಮುಗಿಯಿತು. ವಾಸನೆ ಹಾಗಿರಲಿ, ಜಾರಿ ಬಿದ್ದೀರಿ. ಎರಡು ಸಲ ನೆನೆಸಿ ಒಗೆದರೂ ವಾಸನೆ ಮರಳಿದರೆ, ಫೋಮಿನ ಒಳಗೇ ಕಪ್ಪು ಚುಕ್ಕೆ ಇಳಿದಿದ್ದರೆ ಇನ್ನು ಹೆಣಗಬೇಡಿ. ಹೊಸದನ್ನು ಹಾಸುವ ಮುನ್ನ ಹಳೆಯದು ಬಿದ್ದಿದ್ದ ಚೌಕವನ್ನೂ, ಟೈಲ್ಸ್ ನಡುವಿನ ಗೆರೆಗಳನ್ನೂ ಸೋಪುನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ತೊಳೆದು, ಒಂದು ರಾತ್ರಿ ಬರಿದಾಗಿ ಒಣಗಲು ಬಿಡಿ. ಇಲ್ಲವಾದರೆ ಹಳೆಯದರ ಬೂಸು ಮೊದಲ ದಿನವೇ ಹೊಸದರ ತಳಕ್ಕೆ ಅಂಟಿಕೊಳ್ಳುತ್ತದೆ.