ನೇಲ್ ಪಾಲಿಷ್ ಹಚ್ಚಿ ಬಸವನಹುಳು ಎಣಿಸಿದ ಲೆಕ್ಕ

"ಹಿಡಿದ ಹುಳನ ವಾಪಸ್ ತೋಟಕ್ಕೇ ಬಿಡ್ತೀಯಲ್ಲ, ತಲೆ ಸರಿ ಇದ್ಯಾ ಮಾರಾಯ?" ಅಂತ ಕೇಳದವರು ನಮ್ಮೂರಲ್ಲಿ ಯಾರೂ ಉಳಿದಿಲ್ಲ. ಈಗ ಅವರಲ್ಲೇ ಇಬ್ಬರು ಪಾಲಿಷ್ ಬಾಟಲಿ ತಂದಿಟ್ಟುಕೊಂಡಿದ್ದಾರೆ.

ನಮ್ಮದು ಅರ್ಧ ಎಕರೆ ಅಡಿಕೆ, ನಡುವೆ ಬಾಳೆ. ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ಒಂದು ಮಳೆಗಾಲ ವಿಷದ ಗುಳಿಗೆ, ಕೂಲಿ ಸೇರಿ 9,000 ಚಿಲ್ಲರೆ ಹೋಗಿತ್ತು. ಹುಳು ಕಡಿಮೆಯಾಯಿತಾ? ಬಕೆಟ್ ತುಂಬಿದರೆ "ಇನ್ನೂ ಇದೆ", ತುಂಬದಿದ್ದರೆ "ಮುಗೀತು". ಮಳೆ ಹೊಳವಾದ ದಿನ ಬಕೆಟ್ ಹೇಗೂ ತುಂಬಲ್ಲ, ಎಲ್ಲ ಸೋಗೆಯಡಿ ಸೇರಿಕೊಂಡಿರುತ್ತವೆ. ಒಟ್ಟು ಎಷ್ಟಿವೆ ಅಂತ ಗೊತ್ತಿಲ್ಲದೆ ದುಡ್ಡು ಸುರಿಯಲಾರೆ ಅನ್ನುವುದು ನನ್ನ ಹಠ. 1847ರಲ್ಲಿ ಇದನ್ನು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟ ಪುಣ್ಯಾತ್ಮನೂ ಎಣಿಸಿಯೇ ತಂದಿರಬೇಕು, ಸುಮ್ನೆ ಅಲ್ಲ!

ಇದಕ್ಕೆ ಲಿಂಕನ್-ಪೀಟರ್ಸನ್ ಲೆಕ್ಕ ಅಂತ ಒಂದಿದೆ: ಒಂದಷ್ಟು ಹುಳ ಹಿಡಿದು ಗುರುತು ಹಾಕಿ ವಾಪಸ್ ಬಿಡುವುದು, ಆಮೇಲೆ ಮತ್ತೆ ಹಿಡಿದು ಅದರಲ್ಲಿ ಗುರುತಿನವು ಎಷ್ಟು ಅಂತ ನೋಡುವುದು. ಗುರುತು ಹಾಕಿದ್ದನ್ನು ಎರಡನೇ ಸಲ ಸಿಕ್ಕಿದ್ದರಿಂದ ಗುಣಿಸಿ, ಅದರಲ್ಲಿದ್ದ ಗುರುತಿನವುಗಳಿಂದ ಭಾಗಿಸಿದರೆ ಒಟ್ಟು ಎಷ್ಟಿವೆ ಅನ್ನುವ ಅಂದಾಜು ಸಿಗುತ್ತದೆ. ಕಷ್ಟ ಇದ್ದದ್ದು ಗುರುತಿನಲ್ಲಿ. ಮಾರ್ಕರ್ ಪೆನ್ ಒಂದೇ ಮಳೆಗೆ ಹೋಯಿತು. ಆಯಿಲ್ ಪೇಂಟ್ ಲೋಳೆಯ ಮೇಲೆ ಕೂರಲೇ ಇಲ್ಲ. ಕೊನೆಗೆ 30 ರೂಪಾಯಿಯ ನೇಲ್ ಪಾಲಿಷ್. ಚಿಪ್ಪನ್ನು ಹಳೇ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದದಲ್ಲಿ ಎರಡು ಸಲ ಉಜ್ಜಿ, ಬಾಯಿಯಿಂದ ದೂರ ಹಳೆಯ ಸುರುಳಿಯ ಮೇಲೆ ಒಂದು ಚುಕ್ಕಿ. ಬಾಯಿಯ ಅಂಚು ಬೆಳೆಯುತ್ತಾ ಹೋಗುವ ಜಾಗ, ಅಲ್ಲಿ ಬೇಡ. ಒಂದು ಇಂಚಿಗಿಂತ ಸಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೊದಲು ಕೆಂಪು ಪಾಲಿಷ್ ಹಚ್ಚಿದ್ದೆ. ವಾರದೊಳಗೆ ಬೇಲಿಯ ಬುಡದಲ್ಲಿ ಒಡೆದ ಚಿಪ್ಪುಗಳ ರಾಶಿ, ಅದರಲ್ಲಿ ಕೆಂಪು ಚುಕ್ಕಿಯವೇ ಜಾಸ್ತಿ. ಕೆಂಬೂತದ ಕೆಲಸ. ಚುಕ್ಕಿ ನೋಡಿ ಬಂತೋ, ನಾನು ಒಂದೇ ಕಡೆ ಬಿಟ್ಟಿದ್ದಕ್ಕೆ ಸುಲಭವಾಯಿತೋ, ಅಂತೂ ಲೆಕ್ಕ ಕೆಟ್ಟಿತು. ಆಮೇಲೆ ಕಂದು ಬಣ್ಣ ತಂದೆ, ಹುಳುಗಳನ್ನು ತೋಟದ ತುಂಬ ಹರಡಿ ಬಿಟ್ಟೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲ್ಲ. ಗೋಣಿಚೀಲದಡಿ ಹಿಡಿದು, ಮತ್ತೆ ಅದೇ ಗೋಣಿಚೀಲದಡಿ ಎಣಿಸಿದರೆ ಗೋಣಿ ಇಷ್ಟಪಡುವ ಹುಳುಗಳೇ ಮತ್ತೆ ಸಿಗುತ್ತವೆ, ಒಟ್ಟು ಕಡಿಮೆ ಬರುತ್ತದೆ. ನಾನು ಗುರುತು ಹಾಕಲು ಒದ್ದೆ ಗೋಣಿ, ಪಪ್ಪಾಯಿ ಎಲೆ, ಬೆಲ್ಲ ಕಲಸಿದ ತೌಡು ಇಟ್ಟೆ (ತೌಡಿಗೆ ಇನ್ನೊಂದು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ). ಎರಡನೇ ಸಲ, ಮೂರು ನಾಲ್ಕು ರಾತ್ರಿ ಬಿಟ್ಟು, ಟಾರ್ಚ್ ಹಿಡಿದು ಸಾಲು ಸಾಲಾಗಿ ಹುಡುಕಿದೆ.

ನೆನಪಿದ್ದಷ್ಟು ಹೇಳುತ್ತೇನೆ. ಗುರುತು ಹಾಕಿದ್ದು 200ರ ಹತ್ತಿರ, ಆಮೇಲೆ ಸಿಕ್ಕಿದ್ದು 250, ಅದರಲ್ಲಿ ಚುಕ್ಕಿ ಇದ್ದದ್ದು 20. ಅಂದರೆ ಸುಮಾರು 2,500! ನಾವೆಲ್ಲ ಅಂದಾಜು ಮಾಡಿದ್ದು ನಾಲ್ಕೈದು ನೂರು. ಆ ವರ್ಷ ಗುಳಿಗೆ ಬಿಟ್ಟು, ಕೈಯಿಂದಲೇ ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕಿಸಿದೆ. ಮುಂದಿನ ಮಳೆಗಾಲ ಅದೇ ವಿಧಾನದಲ್ಲಿ ಎಣಿಸಿದರೆ 600. ಕೂಲಿ ಖರ್ಚು 4,000 ದಾಟಲಿಲ್ಲ.

ಗುಳಿಗೆ ಬಿಟ್ಟಿದ್ದಕ್ಕೆ ಬೇರೆ ಕಾರಣವೂ ಇದೆ. ಬಸಿಗಾಲುವೆಯ ಪಕ್ಕ ಮಿಣುಕುಹುಳದ ಮರಿ ಸಿಕ್ಕಿತ್ತು, ಕಪ್ಪಗೆ, ಪಟ್ಟಿ ಪಟ್ಟಿ ಮೈ. ಐಸ್‌ಕ್ರೀಂ ಡಬ್ಬಿಯಲ್ಲಿ ಒಂದು ಸಣ್ಣ ಬಸವನಹುಳುವಿನ ಜೊತೆ ಬಿಟ್ಟೆ. ಚಿಪ್ಪಿನ ಬಾಯಿಗೆ ತಲೆ ತೂರಿಸಿ ಕಚ್ಚಿತು, ಹುಳು ನೊರೆ ಉಗುಳಿತು, ಮರಿ ಹಿಂದೆ ಸರಿದು ಮತ್ತೆ ಕಚ್ಚಿತು. ಬೆಳಗ್ಗೆ ಚಿಪ್ಪು ಖಾಲಿ. ಇಂಥವನ್ನು, ಕೆಂಬೂತವನ್ನು ವಿಷದ ಹತ್ತಿರ ಯಾಕೆ ಬಿಡಬೇಕು ಅಲ್ವಾ? ಮಿಣುಕುಹುಳದ ಮರಿಗಳನ್ನೂ ಎಣಿಸೋಣ ಅಂತ ಹೊರಟಿದ್ದೆ, ಅವು ಪಾಲಿಷ್ ತಡೆಯಲಿಲ್ಲ.

ಗ್ಲೌಸ್ ಮಾತ್ರ ಹಾಕಿ. ಈ ಹುಳುವಿನಲ್ಲಿ ಇಲಿಯಿಂದ ಬರುವ ಒಂದು ಜಂತು ಇರಬಹುದು, ಅದು ಮನುಷ್ಯರ ಮಿದುಳಿಗೇ ಹೋಗುತ್ತದೆ. ಜೋಡಿಗೆ 50-60 ರೂಪಾಯಿ, ಅದರಲ್ಲಿ ಉಳಿಸಬೇಡಿ.